ಯೋಗ ಮ್ಯಾಟ್ ತೊಳೆಯುವ ಮುಂಚೆ ಒಂದು ಹನಿ ನೀರು ಹಾಕಿ ನೋಡಿ

ಗೌರಿ ಹಬ್ಬಕ್ಕೆ ಮನೆ ಧೂಳು ಹೊಡೆಯುವ ವಾರ ನನ್ನ ಫೋನಿಗೆ ಒಂದೇ ಥರದ ಫೋಟೋಗಳು ಬರುತ್ತವೆ. ನೆಲದ ಮೇಲೆ ಬಿಚ್ಚಿಟ್ಟ ಯೋಗ ಮ್ಯಾಟ್, ಅದರ ತುಂಬ ಎಳ್ಳು ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ಕೆಳಗೆ ಒಂದು ಸಾಲು: “ಮೇಡಂ, ಇದು ತೊಳೆದ್ರೆ ಹೋಗುತ್ತಾ, ಇಲ್ಲಾ ಬಿಸಾಕಿಬಿಡ್ಲಾ?”

ಆ ಚುಕ್ಕೆಗಳ ಕಥೆ ಶುರುವಾಗಿರುವುದು ಜೂನ್ 21ಕ್ಕೆ. ಯೋಗ ದಿನ ಅಂತ ಮೈದಾನಕ್ಕೆ ಹೋಗಿ, ಒದ್ದೆ ಹುಲ್ಲಿನ ಮೇಲೆ ಮ್ಯಾಟ್ ಹಾಸಿ, ಮುಗಿದ ತಕ್ಷಣ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಂದು ಬಾಗಿಲ ಹಿಂದೆ ನಿಲ್ಲಿಸಿರುತ್ತಾರೆ. ಆಮೇಲೆ ಆಷಾಢದ ಗಾಳಿ, ಶ್ರಾವಣದ ಜಿಟಿಜಿಟಿ ಮಳೆ. ಸುರುಳಿಯೊಳಗೆ ಉಳಿದುಕೊಂಡ ಅಷ್ಟು ತೇವವೇ ಬೂಷ್ಟಿಗೆ ಸಾಕು.

ಮೈಸೂರಿನ ನಮ್ಮ ಬಡಾವಣೆಯ ಒಂದು ಹಾಲ್‌ನಲ್ಲಿ ಬೆಳಿಗ್ಗೆ ಎರಡು ಬ್ಯಾಚಿಗೆ ಯೋಗ ಹೇಳಿಕೊಡುತ್ತೇನೆ. ಅಲ್ಲಿರುವ ಇಪ್ಪತ್ತು ಮ್ಯಾಟುಗಳನ್ನು ತೊಳೆದು ಒಣಗಿಸುವ ಕೆಲಸವೂ ನನ್ನದೇ. ಇಷ್ಟು ವರ್ಷದಲ್ಲಿ ಬೆವರಿನಿಂದ ಹಾಳಾದ ಮ್ಯಾಟ್ ನಾನು ನೋಡಿದ್ದು ಕಡಿಮೆ. ತೊಳೆದು ಪೂರ್ತಿ ಒಣಗಿಸದೆ ಹಾಳಾದದ್ದು, ಬೇಗ ಒಣಗಲಿ ಅಂತ ಬಿಸಿಲಿಗೆ ಹಾಕಿ ಹಾಳಾದದ್ದೇ ಜಾಸ್ತಿ. ಅದಕ್ಕೇ ಈ ಬರಹದಲ್ಲಿ ತೊಳೆಯುವುದಕ್ಕೆ ಎಷ್ಟು ಜಾಗ ಕೊಟ್ಟಿದ್ದೇನೋ ಒಣಗಿಸುವುದಕ್ಕೂ ಅಷ್ಟೇ ಕೊಟ್ಟಿದ್ದೇನೆ.

ಮೊದಲು ಹನಿ ಪರೀಕ್ಷೆ

ಬಕೆಟ್ ತುಂಬಿಸುವ ಮುಂಚೆ ಮ್ಯಾಟಿನ ಒಂದು ಮೂಲೆಯಲ್ಲಿ ಒಂದು ಹನಿ ನೀರು ಬಿಡಿ. ಐದು ನಿಮಿಷ ಬಿಟ್ಟು ನೋಡಿ. ಹನಿ ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಗೆ ಹಾಗೇ ಕೂತಿದ್ದರೆ ನಿಮ್ಮ ಮ್ಯಾಟ್ ನೀರು ಕುಡಿಯುವುದಿಲ್ಲ. ಬೆವರು, ಕೊಳೆ ಎಲ್ಲ ಮೇಲೆಯೇ ಇರುತ್ತದೆ, ಒರೆಸಿದರೆ ಬರುತ್ತದೆ. ಹನಿ ಹರಡಿ ಆ ಜಾಗ ಕಪ್ಪಗೆ ಕಂಡರೆ ಮ್ಯಾಟ್ ನೀರು ಹೀರುತ್ತಿದೆ ಅಂತ ಅರ್ಥ. ಅಂಥದ್ದನ್ನು ಬಕೆಟ್‌ನಲ್ಲಿ ಮುಳುಗಿಸಿದರೆ ಒಳಗೆ ಹೋದ ನೀರು ಹೊರಗೆ ಬರಲು ದಿನಗಟ್ಟಲೆ ಹಿಡಿಯುತ್ತದೆ.

ಇನ್ನು ಮ್ಯಾಟ್ ಯಾವುದರದ್ದು ಅಂತ ಗೊತ್ತುಮಾಡಿಕೊಳ್ಳಿ. ಕೊಂಡಾಗಿನ ಚೀಟಿ ಇದ್ದರೆ ಅದರಲ್ಲೇ ಬರೆದಿರುತ್ತದೆ. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ 4 ಅಥವಾ 6 ಮಿಲಿಮೀಟರ್ ದಪ್ಪದ ಮ್ಯಾಟುಗಳಲ್ಲಿ ಪಿವಿಸಿ, ಇವಿಎ, ಟಿಪಿಇ ಅನ್ನುವ ಮೂರು ಬಗೆಯ ಪ್ಲಾಸ್ಟಿಕ್ಕೇ ಹೆಚ್ಚು. ಇವು ಸಾಮಾನ್ಯವಾಗಿ ನೀರು ಹೀರುವುದಿಲ್ಲ. ಕೈಯಲ್ಲಿ ಹಿಡಿದರೆ ಭಾರ, ಮೂಸಿದರೆ ಹೊಸ ಸೈಕಲ್ ಟೈರಿನ ವಾಸನೆ ಬಂದರೆ ಅದು ನೈಸರ್ಗಿಕ ರಬ್ಬರಿನದು. ರಬ್ಬರಿನ ಮೇಲೆ ನುಣುಪಾದ, ಚರ್ಮದಂಥ ಪದರ ಇದ್ದರೆ ಮೇಲಿನದು ಪಾಲಿಯುರಿಥೇನ್, ಅಂಗಡಿಯವರ ಬಾಯಲ್ಲಿ ಪಿಯು. ಹಿಡಿತ ಇದರದ್ದೇ ಚೆನ್ನ, ಕಲೆ ಕೂಡ ಇದಕ್ಕೇ ಬೇಗ ಹಿಡಿಯುವುದು. ಇವಲ್ಲದೆ ಕಾರ್ಕ್, ಸೆಣಬು, ಹತ್ತಿಯ ಜಮಖಾನ ಇವೆ.

ಸುಳ್ಯ, ಪುತ್ತೂರಿನ ಕಡೆ ರಬ್ಬರ್ ತೋಟ ಇರುವವರಿಗೆ ನಾನು ಹೇಳುವುದೇನೂ ಉಳಿದಿಲ್ಲ. ಸರಿಯಾಗಿ ಒಣಗದ ಶೀಟಿಗೆ ಬೂಷ್ಟು ಹಿಡಿದರೆ ಗ್ರೇಡ್ ಇಳಿಯುತ್ತದೆ ಅಂತಲೇ ಅವರು ಹೊಗೆಮನೆಯಲ್ಲಿಟ್ಟು ಒಣಗಿಸುತ್ತಾರೆ. ನಿಮ್ಮ ಮನೆಯ ರಬ್ಬರ್ ಮ್ಯಾಟೂ ಅದೇ ರಬ್ಬರ್ ಮರದ ಹಾಲಿನಿಂದ ಬಂದದ್ದು, ಅದಕ್ಕೂ ತೇವ ಆಗದು.

ಬಿಸಿಲೂ ಆಗದು. ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ಮೊದಲ ಸಲ ದುಡ್ಡು ಕೂಡಿಸಿ ಒಳ್ಳೆಯ ರಬ್ಬರ್ ಮ್ಯಾಟ್ ಕೊಂಡಿದ್ದೆ. ಯುಗಾದಿಯ ಆಸುಪಾಸು, ತೊಳೆದು ತಾರಸಿಯ ಮೇಲೆ ಹಾಸಿ ಬಂದವಳು ಸಂಜೆ ಹೋಗಿ ತಂದೆ. ಅವತ್ತು ಏನೂ ಗೊತ್ತಾಗಲಿಲ್ಲ. ಚೆನ್ನಾಗಿ ಒಣಗಿದೆ ಅಂತ ಖುಷಿಯಾಗಿ ಪ್ರತಿ ವಾರ ಹಾಗೇ ಮಾಡಿದೆ. ಎರಡು ತಿಂಗಳಿಗೆ ಮೇಲ್ಮೈಯಲ್ಲಿ ಕೂದಲೆಳೆಯಂಥ ಬಿರುಕು ಬಂತು. ಆಮೇಲೆ ಅಧೋಮುಖ ಶ್ವಾನಾಸನದಲ್ಲಿ ಅಂಗೈ ಊರಿ ತೆಗೆದರೆ ಸಾಕು, ಎರೇಸರ್ ಉಜ್ಜಿದಾಗ ಬರುವಂಥ ಸಣ್ಣ ಸಣ್ಣ ಉಂಡೆ ಅಂಗೈಗೆ ಅಂಟಿಕೊಂಡು ಬರುತ್ತಿದ್ದವು. ಬಿಸಿಲಿನ ಅತಿನೇರಳೆ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ರಬ್ಬರನ್ನು ಮೇಲ್ಮೈಯಿಂದ ಮುರಿಯುತ್ತಾ ಬರುತ್ತವೆ. ಒಮ್ಮೆ ಹಾಗಾದರೆ ಸರಿ ಮಾಡಲು ಬರುವುದಿಲ್ಲ. ಪಿವಿಸಿ ಇಷ್ಟು ಬೇಗ ಸೋಲುವುದಿಲ್ಲ, ಆದರೂ ಬಿಸಿಲಲ್ಲಿ ಮೆತ್ತಗಿನ ಗುಣ ಕಳೆದುಕೊಂಡು ಬಿರುಸಾಗುತ್ತದೆ. ಟಿಪಿಇ ಶಾಖಕ್ಕೆ ಸೊಟ್ಟಗಾಗುತ್ತದೆ. ಹೀಗಾಗಿ ಹತ್ತಿಯ ಜಮಖಾನ ಬಿಟ್ಟರೆ ಯಾವ ಮ್ಯಾಟ್ ಆದರೂ ಒಣಗಬೇಕಾದದ್ದು ನೆರಳಲ್ಲಿ, ಗಾಳಿಯಲ್ಲಿ.

ದಿನದ ಕೆಲಸ

ಮ್ಯಾಟಿನ ಸ್ವಚ್ಛತೆ ಶುರುವಾಗುವುದು ಬಚ್ಚಲಲ್ಲಿ. ಅಭ್ಯಾಸಕ್ಕೆ ಮುಂಚೆ ಕೈಕಾಲು ತೊಳೆದು, ಬೆರಳ ಸಂದಿಯೆಲ್ಲ ಒರೆಸಿಕೊಂಡು ಬನ್ನಿ. ಚಪ್ಪಲಿ ಬಿಟ್ಟು ನೇರ ಮ್ಯಾಟಿಗೆ ಕಾಲಿಟ್ಟರೆ ರಸ್ತೆಯ ಮಣ್ಣು ಅದರ ಗೆರೆಗಳೊಳಗೆ ಕೂರುತ್ತದೆ. ಆಮೇಲೆ ಎಷ್ಟು ಉಜ್ಜಿದರೂ ಹಿಮ್ಮಡಿಯ ಜಾಗದ ಆ ಬೂದು ಕಲೆ ಪೂರ್ತಿ ಹೋಗುವುದಿಲ್ಲ.

ಎಣ್ಣೆಯ ವಿಷಯಕ್ಕೆ ನಮ್ಮಲ್ಲಿ ಇನ್ನೂ ಸ್ವಲ್ಪ ಎಚ್ಚರ ಬೇಕು. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಜಡೆ ಹಾಕಿಕೊಂಡು ಬರುವವರ ಮ್ಯಾಟ್ ನೋಡಿ, ಶವಾಸನದಲ್ಲಿ ತಲೆ ಇಡುವ ಕಡೆ ಅಂಗೈ ಅಗಲದ ಒಂದು ಮಿರುಗುವ ಕಲೆ ಇರುತ್ತದೆ. ಮರುದಿನ ಮ್ಯಾಟನ್ನು ಹಿಂದುಮುಂದಾಗಿ ಹಾಸಿದರೆ ಅದೇ ಜಾಗಕ್ಕೆ ಪಾದ ಬರುತ್ತದೆ, ಜಾರುತ್ತದೆ. ಬಾಡಿ ಲೋಷನ್ ಕೂಡ ಹೀಗೇ. ಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ, ಪಿಯು ಪದರದಲ್ಲಿ ಶಾಶ್ವತವಾಗಿ ಕೂತುಬಿಡುತ್ತದೆ. ಮೈಸೂರಿನ ಅಷ್ಟಾಂಗ ಅನ್ನುವ ಯೋಗ ಸಂಪ್ರದಾಯದವರು ಶನಿವಾರ ಅಭ್ಯಾಸಕ್ಕೆ ರಜೆ ಕೊಟ್ಟು ಹರಳೆಣ್ಣೆ ಸ್ನಾನ ಮಾಡುವ ಪದ್ಧತಿ ಇಟ್ಟುಕೊಂಡಿದ್ದಾರೆ. ಎಣ್ಣೆ ಮೈಗೆ ಹಚ್ಚಿದ ದಿನ ಮ್ಯಾಟಿಗೆ ಕೈ ಹಚ್ಚದಿರುವುದು ಮ್ಯಾಟಿನ ಪಾಲಿಗೂ ಒಳ್ಳೆಯದೇ. ಎಣ್ಣೆ ಹಚ್ಚಿಕೊಂಡೇ ಮಾಡಬೇಕಾದ ದಿನ ತಲೆಯ ಜಾಗಕ್ಕೆ ಒಂದು ಟವೆಲ್ ಹಾಕಿಕೊಳ್ಳಿ.

ಮುಗಿದ ಮೇಲೆ ಮೆತ್ತನೆಯ ಹತ್ತಿ ಬಟ್ಟೆಯನ್ನು ನೀರಲ್ಲಿ ಅದ್ದಿ, ಹನಿ ಬೀಳದಷ್ಟು ಗಟ್ಟಿಯಾಗಿ ಹಿಂಡಿ ಒಂದು ಸಲ ಒರೆಸಿ. ಬೆವರಿನ ಉಪ್ಪು ಇಷ್ಟಕ್ಕೇ ಬರುತ್ತದೆ. ಆಮೇಲೆ ಕಾಫಿ ಕುಡಿದು, ಸ್ನಾನ ಮುಗಿಸಿ ಬರುವವರೆಗೂ ಮ್ಯಾಟ್ ಬಿಚ್ಚಿಯೇ ಇರಲಿ. ಅರ್ಧ ಗಂಟೆ ಸಾಕು. ಒಂದೇ ಒಂದು ಅಭ್ಯಾಸ ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಅಮಾವಾಸ್ಯೆ, ಹುಣ್ಣಿಮೆ: ತೊಳೆಯುವ ದಿನ

ಬರೀ ನೀರಿಗೆ ಉಪ್ಪು ಬರುತ್ತದೆ, ಮೈಯ ಜಿಡ್ಡು ಬರುವುದಿಲ್ಲ. ಅದಕ್ಕೆ ಸೋಪು ಬೇಕು. ದಿನಾ ಬಳಸುವ ಮ್ಯಾಟಿಗೆ ಹದಿನೈದು ದಿನಕ್ಕೊಮ್ಮೆ ಸೋಪಿನ ತೊಳೆತ ಸರಿಯಾದ ಲೆಕ್ಕ. ಆದರೆ ಯಾವ ದಿನ ಅಂತ ನೆನಪಿಟ್ಟುಕೊಳ್ಳುವುದು ಕಷ್ಟ. ಅಷ್ಟಾಂಗದಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ಅಭ್ಯಾಸ ಇರುವುದಿಲ್ಲ. ನಾನು ಆ ಎರಡು ದಿನಗಳನ್ನೇ ತೊಳೆಯಲು ಗೊತ್ತುಮಾಡಿಕೊಂಡೆ. ಕ್ಯಾಲೆಂಡರ್ ಗೋಡೆಯ ಮೇಲೇ ಇದೆ, ಒಣಗಲು ಪೂರ್ತಿ ಒಂದು ದಿನವೂ ಸಿಗುತ್ತದೆ. ನೀವು ಯಾವ ಪದ್ಧತಿಯಲ್ಲಿ ಅಭ್ಯಾಸ ಮಾಡಿದರೂ ಈ ಲೆಕ್ಕ ಹಿಡಿಯಬಹುದು.

ಪಿವಿಸಿ, ಇವಿಎ, ಟಿಪಿಇ ಮ್ಯಾಟಿಗೆ ಕ್ರಮ ಹೀಗೆ:

1. ಬೆಳಿಗ್ಗೆ ಬೇಗ ಶುರುಮಾಡಿ. ಮಧ್ಯಾಹ್ನದ ಮೇಲೆ ತೊಳೆದ ಮ್ಯಾಟ್ ರಾತ್ರಿಯ ತಂಪಿಗೆ ಒಣಗದೆ ಉಳಿಯುತ್ತದೆ.

2. ಮ್ಯಾಟನ್ನು ಹೊರಗೆ ಹಿಡಿದು ಜೋರಾಗಿ ಎರಡು ಸಲ ಕೊಡವಿ. ಕೂದಲು, ಮಣ್ಣು ಒಣಗಿದ್ದಾಗಲೇ ಉದುರಬೇಕು, ನೀರು ತಾಗಿದರೆ ಅಂಟಿಕೊಳ್ಳುತ್ತವೆ.

3. ಒಂದು ಲೀಟರ್ ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಅರ್ಧ ಟೀ ಚಮಚ ಮಾತ್ರ ಹಾಕಿ. ಇನ್ನೂ ಅರ್ಧ ಚಮಚ ಹಾಕೋಣ ಅನ್ನಿಸುತ್ತದೆ, ಬೇಡ. ತೊಳೆದ ಮೇಲೆ ಮ್ಯಾಟ್ ಜಾರುತ್ತದೆ ಅನ್ನುವವರ ಮ್ಯಾಟಿನಲ್ಲಿ ಸಾಮಾನ್ಯವಾಗಿ ಇರುವುದು ಉಳಿದ ಸೋಪು. ಬಟ್ಟೆ ಸೋಪಿನ ಪುಡಿ, ನೆಲಕ್ಕೆ ಹಾಕುವ ಫಿನಾಯಿಲ್ ಎರಡೂ ಬೇಡ.

4. ಮೆತ್ತನೆಯ ಸ್ಪಂಜನ್ನು ಆ ನೀರಿನಲ್ಲಿ ಅದ್ದಿ ಹಿಂಡಿ, ಒಂದು ತುದಿಯಿಂದ ಶುರುಮಾಡಿ ಸಣ್ಣ ಸಣ್ಣ ಸುತ್ತಿನಲ್ಲಿ ಉಜ್ಜುತ್ತಾ ಬನ್ನಿ. ಪಾತ್ರೆ ಉಜ್ಜುವ ಹಸಿರು ನಾರು, ಸ್ಟೀಲ್ ನಾರು ಮುಟ್ಟಿಸಬೇಡಿ, ಮೇಲ್ಮೈ ಕಿತ್ತು ಬರುತ್ತದೆ. ಅಂಗೈ, ಪಾದ, ತಲೆ ಇಡುವ ಜಾಗಗಳಿಗೆ ಇನ್ನೊಂದು ಸಲ.

5. ಬೇರೆ ಬಟ್ಟೆಯಿಂದ, ಬರೀ ನೀರಿನಲ್ಲಿ, ಕನಿಷ್ಠ ಎರಡು ಸಲ ಒರೆಸಿ. ಬೆರಳಿಂದ ಮ್ಯಾಟ್ ತೀಡಿ ನೋಡಿ. ಕಿರ್ ಅಂತ ಹಿಡಿದರೆ ಸೋಪು ಹೋಗಿದೆ, ನುಣ್ಣಗೆ ಜಾರಿದರೆ ಇನ್ನೊಂದು ಸಲ ಒರೆಸಬೇಕು. ಬೋರ್‌ವೆಲ್ ನೀರಾದರೆ ಒಣಗಿದ ಮೇಲೆ ಬಿಳಿ ಕಲೆ ನಿಲ್ಲುತ್ತದೆ, ಕೊನೆಯ ಸಲ ಕುಡಿಯುವ ನೀರಲ್ಲಿ ಒರೆಸಿದರೆ ಒಳ್ಳೆಯದು.

6. ಮಗುಚಿ ಹಾಕಿ, ಕೆಳಭಾಗವನ್ನೂ ಹೀಗೇ. ನೆಲದ ಧೂಳೆಲ್ಲ ಇರುವುದು ಅಲ್ಲೇ. ಸುತ್ತಿದಾಗ ಅದು ಮೇಲ್ಭಾಗಕ್ಕೆ ತಾಗುತ್ತದೆ.

7. ದೊಡ್ಡ ಒಣ ಟವೆಲನ್ನು, ಇಲ್ಲವೇ ಹಳೆಯ ಪಂಚೆಯನ್ನು ಮ್ಯಾಟಿನ ಮೇಲೆ ಹಾಸಿ, ಎರಡನ್ನೂ ಸೇರಿಸಿ ಚಪಾತಿ ರೋಲ್ ಥರ ಸುತ್ತಿ. ಸುರುಳಿಯ ಮೇಲೆ ಅಂಗೈಯಿಂದ ಒತ್ತುತ್ತಾ ಹೋಗಿ, ನೀರು ಬಟ್ಟೆಗೆ ಬರುತ್ತದೆ. ಬಟ್ಟೆ ಹಿಂಡಿದ ಹಾಗೆ ಮ್ಯಾಟನ್ನು ತಿರುಚಿ ಹಿಂಡಲೇಬೇಡಿ.

ಈಗ ಒಣಗಿಸುವುದು. ಪ್ಲಾಸ್ಟಿಕ್ ಹಗ್ಗದ ಮೇಲೆ, ತಂತಿಯ ಮೇಲೆ ಹಾಕಿದರೆ ನಡುವೆ ಒಂದು ಗೆರೆ ಬಿದ್ದು, ಹಾಸಿದಾಗಲೆಲ್ಲ ಅಲ್ಲಿ ಗುಡ್ಡೆ ಏಳುತ್ತದೆ. ದಪ್ಪನೆಯ ಬಿದಿರ ಗಳ ಇದ್ದರೆ ಅದಕ್ಕೆ ಸಮನಾದದ್ದಿಲ್ಲ. ಇಲ್ಲದಿದ್ದರೆ ಎರಡು ಕುರ್ಚಿಗಳ ಬೆನ್ನಿನ ಮೇಲೆ ಹಾಕಿ, ಎರಡೂ ಬದಿಗೆ ಗಾಳಿ ಆಡಲಿ. ಮೂರ್ನಾಲ್ಕು ಗಂಟೆ ಬಿಟ್ಟು ಮಗುಚಿ. ಮಳೆಗಾಲದಲ್ಲಿ ಫ್ಯಾನ್ ಕೆಳಗೆ ಪೂರ್ತಿ ಒಂದು ದಿನ ಬೇಕಾಗುತ್ತದೆ, ಮಲೆನಾಡು, ಕರಾವಳಿಯ ಮಳೆಗೆ ಎರಡು ದಿನ. ಒಣಗಿದೆಯೋ ಇಲ್ಲವೋ ಅಂತ ಅನುಮಾನ ಇದ್ದರೆ ಮ್ಯಾಟಿನ ಮೇಲೆ ಒಂದು ಹಾಳೆ ಪೇಪರ್ ಇಟ್ಟು ಅದರ ಮೇಲೆ ಏನಾದರೂ ಭಾರ ಹೇರಿ, ಹತ್ತು ನಿಮಿಷ ಬಿಟ್ಟು ಹಾಳೆ ಮುಟ್ಟಿ ನೋಡಿ. ಸ್ವಲ್ಪ ತಂಪು ಅನ್ನಿಸಿದರೂ ಸುತ್ತಬೇಡಿ. ಹೇರ್ ಡ್ರೈಯರ್, ವಾಷಿಂಗ್ ಮೆಷಿನ್ನಿನ ಡ್ರೈಯರ್ ಯಾವುದೂ ಬೇಡ.

ರಬ್ಬರ್, ಪಿಯು, ಕಾರ್ಕ್ ಇದ್ದರೆ

ಮೇಲಿನ ಕ್ರಮವೇ, ಆದರೆ ಎಲ್ಲವೂ ಅರ್ಧ. ಸೋಪು ಕಾಲು ಚಮಚ, ನೀರು ಬಟ್ಟೆಯಲ್ಲಿ ಎಷ್ಟಿದೆಯೋ ಅಷ್ಟೇ, ಉಜ್ಜುವುದು ಕೈಯ ಭಾರವಿಲ್ಲದೆ. ಬಚ್ಚಲಲ್ಲಿ ಹಾಸಿ ಚೊಂಬಿನಿಂದ ನೀರು ಹುಯ್ಯಬಾರದು. ಕಾರ್ಕ್‌ನಲ್ಲಿ ಸಹಜವಾಗಿ ಮೇಣದಂಥ ಅಂಶ ಇರುವುದರಿಂದ ಕೊಳೆ ಬೇಗ ಒಳಗಿಳಿಯುವುದಿಲ್ಲ, ಒದ್ದೆ ಬಟ್ಟೆಯ ಒರೆತವೇ ಅದಕ್ಕೆ ಬಹಳ ದಿನ ಸಾಕಾಗುತ್ತದೆ. ಹೊಸ ರಬ್ಬರಿನ ವಾಸನೆ ತಡೆಯಲಾಗದಿದ್ದರೆ ತೊಳೆಯಲು ಹೋಗಬೇಡಿ, ನೆರಳಲ್ಲಿ ಬಿಚ್ಚಿ ಕೆಲವು ದಿನ ಗಾಳಿಗೆ ಬಿಡಿ. ರಬ್ಬರ್ ಗ್ಲೋವ್ಸ್ ಹಾಕಿದರೆ ಮೈ ಕೆರೆಯುವವರು ರಬ್ಬರ್ ಮ್ಯಾಟ್ ಕೊಳ್ಳದಿರುವುದೇ ಒಳ್ಳೆಯದು.

ಕೊರೊನಾ ಕಾಲದಲ್ಲಿ ಎಲ್ಲದಕ್ಕೂ ಸ್ಯಾನಿಟೈಸರ್ ಹೊಡೆಯುವ ರೂಢಿ ಬಂತು, ಮ್ಯಾಟಿಗೂ ಹೊಡೆದರು. ಆಲ್ಕೋಹಾಲ್ ರಬ್ಬರನ್ನೂ ಪಿಯುವನ್ನೂ ಒಣಗಿಸುತ್ತದೆ, ಮೇಲಿನ ಚಿತ್ರ ಅಳಿಸುತ್ತದೆ. ಟೀ ಟ್ರೀ ಎಣ್ಣೆ ಹಾಕಿದ ಸ್ಪ್ರೇ ಕೂಡ ಈಗ ಬಹಳ ಕಡೆ ಹೇಳುತ್ತಾರೆ. ಎಣ್ಣೆ ನೀರಲ್ಲಿ ಬೆರೆಯುವುದಿಲ್ಲ. ಬಾಟಲಿಯಲ್ಲಿ ಮೇಲೆ ತೇಲಿ, ಒಂದು ಸಲ ಬರೀ ನೀರು, ಇನ್ನೊಂದು ಸಲ ಬರೀ ಎಣ್ಣೆ ಬೀಳುತ್ತದೆ. ರಬ್ಬರಿಗೆ ಎಣ್ಣೆ ಬೇಡ ಅಂತ ಆಗಲೇ ಹೇಳಿದೆನಲ್ಲ.

ಇನ್ನೊಂದು: ವಿನೆಗರ್ ಮತ್ತು ಅಡುಗೆ ಸೋಡಾ ಬೆರೆಸಿ ಹಚ್ಚುವ ಉಪಾಯ. ಬುರುಬುರು ನೊರೆ ಬರುವುದನ್ನು ನೋಡಿದರೆ ಕೆಲಸ ನಡೆಯುತ್ತಿದೆ ಅನ್ನಿಸುತ್ತದೆ. ಆದರೆ ಒಂದು ಹುಳಿ, ಇನ್ನೊಂದು ಕ್ಷಾರ. ಸೇರಿದರೆ ಒಂದನ್ನೊಂದು ಕೊಂದು ಉಳಿಯುವುದು ಉಪ್ಪು ನೀರಿನಂಥದ್ದು. ಬಳಸುವುದಾದರೆ ಬೇರೆ ಬೇರೆಯಾಗಿ ಬಳಸಿ. ಬೆವರಿನ ನಾತ ಇದ್ದರೆ ಒಣ ಮ್ಯಾಟಿನ ಮೇಲೆ ಅಡುಗೆ ಸೋಡಾ ತೆಳ್ಳಗೆ ಉದುರಿಸಿ, ಒಂದು ರಾತ್ರಿ ಬಿಟ್ಟು, ಕೊಡವಿ ಒರೆಸಿ. ವಿನೆಗರ್ ಬೂಷ್ಟಿಗೆ, ಅದೂ ಪಿವಿಸಿಯಂಥ ಮ್ಯಾಟಿಗೆ ಮಾತ್ರ.

ಜಮಖಾನ

ರಬ್ಬರ್ ಮ್ಯಾಟ್ ಬರುವ ಎಷ್ಟೋ ಮುಂಚೆ ಮೈಸೂರಲ್ಲಿ ಆಸನ ಹಾಕುತ್ತಿದ್ದದ್ದು ಜಮಖಾನದ ಮೇಲೆ. ಈಗಲೂ ಬೆವರು ಜಾಸ್ತಿ ಇರುವವರು ಮ್ಯಾಟಿನ ಮೇಲೆ ಹತ್ತಿಯ ರಗ್ ಹಾಸುತ್ತಾರೆ. ಹೊರದೇಶಗಳಲ್ಲಿ ಅದನ್ನು ಮಾರುವುದೇ ‘ಮೈಸೂರು ರಗ್’ ಅನ್ನುವ ಹೆಸರಿನಲ್ಲಿ. ಕೊಳೆಯೆಲ್ಲ ರಗ್ಗಿಗೆ ಹೋಗುತ್ತದೆ, ಮ್ಯಾಟ್ ಬಹಳ ವರ್ಷ ಬಾಳುತ್ತದೆ. ನನಗೆ ಇದೇ ಎಲ್ಲಕ್ಕಿಂತ ಸರಳ ದಾರಿ ಅನ್ನಿಸುತ್ತದೆ.

ಹೊಸ ರಗ್ಗನ್ನು ಮೊದಲೆರಡು ಸಲ ಒಂಟಿಯಾಗಿ ತಣ್ಣೀರಲ್ಲಿ ತೊಳೆಯಿರಿ, ಬಣ್ಣ ಬಿಡುತ್ತದೆ. ಹಾಗೇ ಹಾಸಿದರೆ ಬೆವರಿಗೆ ಬಣ್ಣ ಇಳಿದು ಕೆಳಗಿನ ಮ್ಯಾಟಿಗೆ ಹತ್ತುತ್ತದೆ. ವಾರಕ್ಕೊಮ್ಮೆ ಅಂಟುವಾಳ ನೆನೆಸಿದ ನೀರಲ್ಲಿ ಅದ್ದಿ ತೆಗೆದರೆ ಚೆನ್ನ: ಏಳೆಂಟು ಕಾಯಿ ಒಡೆದು ಬೀಜ ತೆಗೆದು, ಸಿಪ್ಪೆಯನ್ನು ರಾತ್ರಿ ಬಿಸಿನೀರಲ್ಲಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿಕೊಳ್ಳಿ. ಅಂಟುವಾಳದ ನೀರು ಕಂದು ಬಣ್ಣದ್ದು, ಬಿಳಿ ರಗ್ಗಿಗೆ ಬೇಡ. ಹತ್ತಿಗೆ ಬಿಸಿಲು ಧಾರಾಳವಾಗಿ ತಾಗಲಿ, ಬಣ್ಣ ಮಾಸದಂತೆ ಒಳಮೈ ಮೇಲೆ ಮಾಡಿ ಹಾಕಿದರಾಯಿತು.

ಎಣ್ಣೆ ಕಲೆ, ಬೂಷ್ಟು

ಎಣ್ಣೆ ಕಲೆಗೆ ಮೊದಲು ನೀರು ಹಾಕಬೇಡಿ. ಕಾರ್ನ್‌ಫ್ಲೋರ್ ದಪ್ಪಗೆ ಉದುರಿಸಿ ಒಂದು ಗಂಟೆ ಬಿಡಿ, ಜಿಡ್ಡು ಅದಕ್ಕೆ ಬರುತ್ತದೆ. ಕೊಡವಿ, ಆಮೇಲೆ ಸೋಪಿನ ನೀರು. ಪಿವಿಸಿ ಆದರೆ ಲಿಕ್ವಿಡನ್ನು ಒಂದು ಹನಿ ನೇರ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಬಹುದು.

ಬೂಷ್ಟಿನ ಮ್ಯಾಟನ್ನು ಮನೆಯೊಳಗೆ ಕೊಡವಬೇಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ಬಿಚ್ಚಿ. ಪಿವಿಸಿಯಾದರೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಚುಕ್ಕೆಗಳ ಮೇಲೆ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಒರೆಸಿ, ಸೋಪಿನ ನೀರಲ್ಲಿ ತೊಳೆಯಿರಿ. ಇದರ ಜೊತೆ ಬ್ಲೀಚಿಂಗ್ ಪೌಡರ್ ಖಂಡಿತ ಸೇರಿಸಬಾರದು, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶಕ್ಕೆ ಅಪಾಯ. ರಬ್ಬರ್ ಆದರೆ ಸೋಪಿನ ನೀರಷ್ಟೇ. ತೊಳೆದು ಒಣಗಿಸಿ ಮೂಗು ಹತ್ತಿರ ಹಿಡಿದು ನೋಡಿ. ಮುಗ್ಗಲು ವಾಸನೆ ಇನ್ನೂ ಇದ್ದರೆ, ಚುಕ್ಕೆ ಒಳಗಿಂದಲೇ ಕಾಣುತ್ತಿದ್ದರೆ ಅದು ಹೋಗುವುದಿಲ್ಲ. ಪ್ರಾಣಾಯಾಮದಲ್ಲಿ ಉಸಿರು ಎಳೆಯುವುದು ಆ ಮ್ಯಾಟಿನ ಮೇಲೆ ಕೂತು, ಆದ್ದರಿಂದ ಇಲ್ಲಿ ಜಿಪುಣತನ ಬೇಡ.

ಹಂಚಿಕೊಳ್ಳುವ ಮ್ಯಾಟ್

ಮನೆಯಲ್ಲಾಗಲಿ, ಯೋಗ ಕೇಂದ್ರದಲ್ಲಾಗಲಿ ಒಬ್ಬರ ಮ್ಯಾಟ್ ಇನ್ನೊಬ್ಬರು ಬಳಸುವಾಗ ಕಾಲ್ಬೆರಳ ಸಂದಿಯ ಕೆಸರುಹುಣ್ಣು, ಗಜಕರ್ಣ, ಪಾದದ ನರುಳಿ ದಾಟುವ ಸಾಧ್ಯತೆ ಇದೆ. ನಮ್ಮ ಹಾಲ್‌ನಲ್ಲಿ ಪ್ರತಿ ಬ್ಯಾಚ್ ಆದ ಮೇಲೆ ಸೋಪಿನ ನೀರಿನ ಒರೆತ, ಮೇಲೆ ಬರೀ ನೀರಿನ ಒರೆತ. ಮ್ಯಾಟಿನ ಒಂದು ಮೂಲೆಗೆ ಬಣ್ಣದ ದಾರ ಹೊಲಿದಿದ್ದೇವೆ, ತಲೆ ಯಾವಾಗಲೂ ಆ ಕಡೆ. ಒಬ್ಬರು ಕಾಲಿಟ್ಟಲ್ಲಿ ಇನ್ನೊಬ್ಬರು ಮುಖ ಇಡುವುದು ತಪ್ಪುತ್ತದೆ. ಚರ್ಮದ ತೊಂದರೆ ಇರುವವರು ವಾಸಿಯಾಗುವವರೆಗೆ ಸ್ವಂತ ಮ್ಯಾಟ್ ತರಬೇಕು ಅಂತ ನಾನು ನೇರವಾಗಿಯೇ ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಂಡಿಲ್ಲ.

ಇಡುವುದು, ಬಿಡುವುದು

ಅಭ್ಯಾಸ ಮಾಡುವ ಮೇಲ್ಭಾಗ ಹೊರಗೆ ಬರುವಂತೆ ಸುತ್ತಿ. ಎಲ್ಲರೂ ಒಳಗೆ ಬರುವಂತೆ ಸುತ್ತುತ್ತಾರೆ, ಅದಕ್ಕೇ ಹಾಸಿದಾಗ ತುದಿ ಮೇಲೆದ್ದು ನಿಲ್ಲುವುದು. ಮಡಚಿ ಇಡಬೇಡಿ. ತೇವದ ಗೋಡೆಗೆ ಒರಗಿಸಬೇಡಿ. ಕಾರಿನ ಡಿಕ್ಕಿಯಲ್ಲಿ, ಸ್ಕೂಟರಿನ ಮೇಲೆ ಬಿಸಿಲಲ್ಲಿ ಬಿಟ್ಟು ಹೋಗಬೇಡಿ. ಕೊಂಡಾಗ ಬಂದ ಪ್ಲಾಸ್ಟಿಕ್ ಚೀಲ ತೆಗೆದುಬಿಡಿ. ಹಳೆಯ ಕಾಟನ್ ಸೀರೆಯ ಒಂದೂವರೆ ಮೊಳ ತುಂಡಿನಲ್ಲಿ ಎರಡೂ ಕಡೆ ಬಾಯಿ ಇರುವ ಚೀಲ ಹೊಲಿಸಿದರೆ ಗಾಳಿ ಆಡುತ್ತದೆ, ಧೂಳೂ ಕೂರುವುದಿಲ್ಲ.

ಅಂಗೈಗೆ ಚೂರು ಅಂಟಿ ಬರುವುದು, ತೊಳೆದು ಒಣಗಿಸಿದ ಮೇಲೂ ಪಾದ ಜಾರುವುದು, ಹಿಮ್ಮಡಿಯ ಜಾಗ ಬೆಳಕಿಗೆ ಹಿಡಿದರೆ ತೆಳ್ಳಗೆ ಕಾಣುವುದು: ಇವುಗಳಲ್ಲಿ ಒಂದು ಕಂಡರೂ ಆ ಮ್ಯಾಟಿನ ಮೇಲೆ ನಿಂತು ಮಾಡುವ ಆಸನಗಳನ್ನು ಬಿಡಿ, ಬಿದ್ದರೆ ಪೆಟ್ಟಾಗುತ್ತದೆ. ಆದರೆ ಕಸಕ್ಕೆ ಹಾಕಬೇಕಾಗಿಲ್ಲ. ಬೂಷ್ಟು ಹಿಡಿಯದ ಮ್ಯಾಟಾದರೆ ಕತ್ತರಿಯಿಂದ ಸುಲಭವಾಗಿ ಕತ್ತರಿಸಬಹುದು. ಒಂದು ಚೌಕ ಮಿಕ್ಸಿಯ ಕೆಳಗೆ ಹಾಕಿ, ಸದ್ದು ಕಡಿಮೆಯಾಗುತ್ತದೆ. ಎರಡು ಪದರ ಸೇರಿಸಿ ಹೊಲಿದರೆ ಬೆಳಿಗ್ಗೆ ರಂಗೋಲಿ ಹಾಕುವಾಗ, ಕುಂಡದ ಗಿಡದ ಕಳೆ ತೆಗೆಯುವಾಗ ಮಂಡಿಯ ಕೆಳಗಿಡಲು ಮೆತ್ತೆಯಾಗುತ್ತದೆ. ಉಳಿದ ಚೂರನ್ನು ಮಾತ್ರ ಬಚ್ಚಲ ಒಲೆಗೆ ಹಾಕಬೇಡಿ. ಪಿವಿಸಿ ಸುಟ್ಟರೆ ಆಮ್ಲದ ಹೊಗೆ, ಅದರ ಜೊತೆ ಡಯಾಕ್ಸಿನ್‌ನಂಥ ವಿಷ ಏಳುತ್ತದೆ. ಹಂಡೆ ನೀರು ಕಾಯಿಸುತ್ತಾ ಒಲೆಯ ಮುಂದೆ ಕೂತವರೇ ಅದನ್ನು ಮೊದಲು ಉಸಿರಾಡುವುದು. ಒಣಕಸದ ಗಾಡಿ ಬಂದಾಗ ಕೊಟ್ಟುಬಿಡಿ.